ಚಿಯಾಂಗ್ ಮಾಯ್ ನಡಿಗೆಯನ್ನು ಕೊನೆಯಿಂದ ಶುರು ಮಾಡಿ

ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಅಂದರೆ ‘ಹೊಸ ಪಟ್ಟಣ’. ಈ ಹೊಸ ಪಟ್ಟಣಕ್ಕೆ ಏಳುನೂರು ವರ್ಷ ದಾಟಿದೆ. ಅದರ ನಡುವೆ, ನಾಲ್ಕೂ ಕಡೆ ನೀರಿನ ಕಂದಕ ಇರುವ ಚೌಕಕ್ಕೆ ಎಲ್ಲರೂ ‘ಹಳೇ ಪಟ್ಟಣ’ ಅನ್ನುತ್ತಾರೆ. ಹೊಸ ಪಟ್ಟಣದ ಹಳೇ ಪಟ್ಟಣ. ಅಮ್ಮನಿಗೆ ಇದರಲ್ಲೇನೂ ವಿಚಿತ್ರ ಕಾಣಲಿಲ್ಲ. "ಅಜ್ಜಿ ಮನೇಲಿ ಹೊಸಬಾವಿ ಅಂತ ಇತ್ತಲ್ಲ, ಅದನ್ನ ತೋಡಿಸಿದ್ದು ಯಾರು ಅಂತ ಅಜ್ಜಿಗೇ ಗೊತ್ತಿರ್ಲಿಲ್ಲ" ಅಂದಳು.

ಈ ಚೌಕದೊಳಗಿನ ಬೌದ್ಧ ದೇವಾಲಯಗಳನ್ನು ಗೈಡ್ ಇಲ್ಲದೆ ನಾವೇ ನಡೆದು ನೋಡೋಣ ಅಂತ ಫೋನಿಗೆ ಒಂದು ಆಡಿಯೊ ನಡಿಗೆ ಕೊಂಡೆ. 240 ಬಾತ್. ಆ್ಯಪ್ ಹೆಸರು ಬರೆಯುವುದಿಲ್ಲ. ಕೊಳ್ಳುವ ಮೊದಲು ನಾನು ನೋಡಿದ ಇನ್ನೆರಡು ಆ್ಯಪ್‌ಗಳ ದಾರಿಯೂ ಹೆಚ್ಚುಕಡಿಮೆ ಇದೇ ಇತ್ತು. ಹೋಟೆಲಿನಲ್ಲಿ ಪುಕ್ಕಟೆ ಕೊಡುವ ನಕ್ಷೆಯಲ್ಲಿ ಗುರುತು ಹಾಕಿದ್ದ ದಾರಿಯೂ ಇದೇ. ಹಾಗಾಗಿ ಇಲ್ಲಿ ಬರೆಯುವುದು ಒಂದು ಆ್ಯಪ್‌ಗಿಂತ ಜಾಸ್ತಿ ಆ ದಾರಿಯ ಬಗ್ಗೆ.

ಇಬ್ಬರ ಪರಿಚಯ ಮೊದಲೇ ಹೇಳಿಬಿಡುತ್ತೇನೆ. ಯಾರು ನಡೆದರು ಅನ್ನುವುದರ ಮೇಲೆ ನಡಿಗೆಯ ವಿಮರ್ಶೆ ನಿಂತಿರುತ್ತದೆ, ಅಲ್ವಾ? ಅಮ್ಮನಿಗೆ 68. ಬಲ ಮಂಡಿ ಆಗಾಗ ಹಿಡಿದುಕೊಳ್ಳುತ್ತದೆ. ಪ್ರೈಮರಿ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು. ಯಾವ ಬೋರ್ಡ್ ಕಂಡರೂ ನಿಂತು ಪೂರ್ತಿ ಓದುವ ಚಾಳಿ ಇದೆ. ನನಗೆ ಇಷ್ಟು ಹೊತ್ತಿಗೆ ಇಷ್ಟು ಮುಗಿಯಬೇಕು ಅನ್ನುವ ಆಫೀಸಿನ ಕಾಯಿಲೆ. ಆ್ಯಪ್ "ಮೂರು ಗಂಟೆ, ಎಂಟು ನಿಲ್ದಾಣ" ಅಂದಿತ್ತು. ನಾನು ನಂಬಿದೆ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಪೂರ್ವದ ತಾ ಪೇ ಗೇಟಿನಿಂದ ಹೊರಟೆವು. ಕೆಂಪು ಇಟ್ಟಿಗೆಯ ಗೋಡೆ, ಮುಂದೆ ಬಯಲು, ಬಯಲು ತುಂಬ ಪಾರಿವಾಳ. ನೋಡಿದರೆ ತೀರಾ ಹಳೆಯದು ಅನ್ನಿಸುತ್ತದೆ. ಆದರೆ ಈಗಿರುವ ಗೇಟು 1980ರ ದಶಕದಲ್ಲಿ ಮತ್ತೆ ಕಟ್ಟಿದ್ದು. ಆ್ಯಪ್ ಇದನ್ನು ಮುಚ್ಚಿಡದೆ ಹೇಳಿತು. ಅಲ್ಲಿಗೆ ಅದರ ಮೇಲೆ ನನಗೆ ನಂಬಿಕೆ ಬಂತು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಎಲ್ಲವನ್ನೂ ಹೋಟೆಲಿನ ವೈಫೈನಲ್ಲೇ ಇಳಿಸಿಕೊಳ್ಳಬಹುದು. ದಾರಿಯಲ್ಲಿ ನೆಟ್ ಬೇಕಾಗಿಲ್ಲ. ಮಾತಾಡುವ ಹೆಂಗಸಿನ ಇಂಗ್ಲಿಷ್ ಸ್ಪಷ್ಟ, ವೇಗ ಕಡಿಮೆ ಮಾಡಿಕೊಳ್ಳಬಹುದು. ಗುರುತುಗಳು ಚೆನ್ನಾಗಿವೆ. "ನೂರು ಮೀಟರ್ ಮುಂದೆ ಎಡಕ್ಕೆ" ಅನ್ನುವ ಬದಲು "ಎಡಗಡೆ ಎರಡು ಹಾವಿನ ತಲೆ ಕಂಡ ಕೂಡಲೇ ಒಳಗೆ ಹೋಗಿ" ಅನ್ನುತ್ತದೆ. ಕನ್ನಡ ಇಲ್ಲ, ಇರುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಉಪಕಾರ ಅಂದರೆ ನಕ್ಷೆಯಲ್ಲಿ ಶೌಚಾಲಯಗಳನ್ನು ಗುರುತು ಹಾಕಿದ್ದಾರೆ. ವಯಸ್ಸಾದವರ ಜೊತೆ ಊರು ಸುತ್ತಿದವರಿಗೆ ಇದರ ಬೆಲೆ ಗೊತ್ತು. 240 ಬಾತ್‌ನಲ್ಲಿ ಅರ್ಧ ಅದಕ್ಕೇ ಸರಿಹೋಯಿತು.

ರಾಚದಮ್ನೋನ್ ರಸ್ತೆ ಹಿಡಿದು ಪಶ್ಚಿಮಕ್ಕೆ ನಡೆದೆವು. ಇಬ್ಬರಿಗೂ ಸೇರಿ ಒಂದೇ ಇಯರ್‌ಫೋನ್, ಹಳೇ ಕಾಲದ ವೈರ್ ಇರುವಂಥದ್ದು. ಒಂದು ಕಿವಿ ನನಗೆ, ಒಂದು ಅಮ್ಮನಿಗೆ. ಫುಟ್‌ಪಾತ್ ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಅಗಲ ಇಲ್ಲ. ಎದುರಿಗೆ ಕರೆಂಟು ಕಂಬ ಬಂದಾಗಲೆಲ್ಲ ಒಬ್ಬರು ಕಂಬದ ಆ ಕಡೆ, ಒಬ್ಬರು ಈ ಕಡೆ, ನಡುವೆ ವೈರು. ಅಮ್ಮ ಎರಡು ಸಲ ಕಿವಿ ಕಿತ್ತುಕೊಂಡಳು.

ಅವಳಿಗೆ ಇಂಗ್ಲಿಷ್ ಅರ್ಥವಾಗುತ್ತದೆ. ಆದರೆ ಅವಳ ಗಮನವೆಲ್ಲ ಹೆಸರುಗಳ ಮೇಲೆ. "ರಾಚ ಅಂದ್ರೆ ರಾಜ ಕಣೇ. ವಿಹಾನ್ ಅಂದ್ರೆ ವಿಹಾರ. ಚೇದಿ ಅಂದ್ರೆ ಚೈತ್ಯ." ಹೌದು, ಅವೆಲ್ಲ ಅದೇ ಪದಗಳು. ಪಾಲಿ, ಸಂಸ್ಕೃತದಿಂದ ಹೋಗಿ ಥಾಯ್ ಬಾಯಲ್ಲಿ ತಿರುಗಿದವು. ಇಲ್ಲಿ ವಿಹಾರ ಅಂದರೆ ಬುದ್ಧನ ಮೂರ್ತಿ ಇರುವ ಪ್ರಾರ್ಥನಾ ಮಂದಿರ, ಚೇದಿ ಅಂದರೆ ಸ್ತೂಪ. ಭಿಕ್ಷುಗಳ ದೀಕ್ಷೆ ನಡೆಯುವ ಉಬೋಸೋತ್ ಅಂದರೆ ಪಾಲಿಯ ಉಪೋಸಥ. ಗ್ರಂಥ ಇಡುವ ಕಟ್ಟಡ ಹೋ ತ್ರೈ. ಅದರ ‘ತ್ರೈ’ ಅಂದರೆ ತ್ರಿಪಿಟಕ. ಊರು ಕಟ್ಟಿದ ರಾಜ ಮಂಗ್ರಾಯ್ ಹೆಸರು ಕೇಳಿ ಅಮ್ಮ ಅಲ್ಲೇ ನಿಂತಳು. "ಮಂಗರಾಯನಾ? ನಮ್ಮ ಮಂಗರಸನ ಕಡೆಯವನೋ ಏನೋ!" ಆ್ಯಪ್ ಈ ಪದಗಳನ್ನೆಲ್ಲ ಬರೀ ಥಾಯ್ ಹೆಸರುಗಳ ಹಾಗೆ ಹೇಳಿಕೊಂಡು ಹೋಗುತ್ತದೆ. ಕನ್ನಡದವರಿಗೆ ಇಲ್ಲಿ ಸುಮ್ನೆ ಸಿಗುವ ಒಂದು ಸುಖ ಇದೆ. ಬೋರ್ಡುಗಳನ್ನು ಜೋರಾಗಿ ಓದಿ ನೋಡಿ.

ಮೊದಲ ದಿನದ ಕಥೆ ಚಿಕ್ಕದಾಗಿ ಮುಗಿಸುತ್ತೇನೆ. ಪಾನ್ ತಾವ್, ಚೇದಿ ಲುವಾಂಗ್, ಪ್ರಾ ಸಿಂಗ್, ಮೂರು ರಾಜರ ಪ್ರತಿಮೆ, ಇಂಥಖಿನ್, ಕೊನೆಗೆ ಚಿಯಾಂಗ್ ಮನ್. ನಡುವೆ ಎರಡು ಸಣ್ಣ ದೇವಾಲಯ. ಇದು ಆ್ಯಪ್‌ನ ಕ್ರಮ. ಚೇದಿ ಲುವಾಂಗ್‌ಗೆ ಬಂದಾಗ ಹನ್ನೊಂದೂವರೆ. ಡಿಸೆಂಬರ್ ತಿಂಗಳು, ಬೆಳಿಗ್ಗೆ ಶಾಲು ಹೊದೆಯುವಷ್ಟು ಚಳಿ ಇತ್ತು. ಆದರೆ ಮಧ್ಯಾಹ್ನದ ಬಿಸಿಲಿಗೆ ಕಲ್ಲು ಹಾಸು ಕಾದು ಬಾಣಲೆ. ಪ್ರತಿ ವಿಹಾರದ ಬಾಗಿಲಲ್ಲೂ ಚಪ್ಪಲಿ ಬಿಡಬೇಕು. ನಾನು ಲೇಸ್ ಕಟ್ಟುವ ಶೂ ಹಾಕಿಕೊಂಡು ಹೋಗಿದ್ದೆ. ಬಿಚ್ಚು, ಕಟ್ಟು, ಬಿಚ್ಚು, ಕಟ್ಟು. ನಾಲ್ಕನೇ ಸಲಕ್ಕೆ ಅಮ್ಮ ತನ್ನ ಬ್ಯಾಗಿನಿಂದ ತೆಳು ಸಾಕ್ಸ್ ತೆಗೆದು ಹಾಕಿಕೊಂಡು, ಕಾದ ಕಲ್ಲಿನ ಮೇಲೆ ರಾಣಿಯ ಹಾಗೆ ನಡೆದು ಹೋದಳು. ನಾನು ಹಿಂದಿನಿಂದ ಕುಪ್ಪಳಿಸಿದೆ. ಹೋಗುವವರು ಸುಲಭವಾಗಿ ಬಿಡುವ ಚಪ್ಪಲಿ ಹಾಕಿ, ಚೀಲದಲ್ಲಿ ಸಾಕ್ಸ್ ಇಟ್ಟುಕೊಳ್ಳಿ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು ಅಂತ ಆ್ಯಪ್ ಸರಿಯಾಗಿ ಹೇಳುತ್ತದೆ. ಅಂಗಾಲಿನ ವಿಷಯ ಮಾತ್ರ ಎತ್ತುವುದಿಲ್ಲ.

ಕೊನೆಯ ನಿಲ್ದಾಣ ಚಿಯಾಂಗ್ ಮನ್ ತಲುಪಿದಾಗ ಸಂಜೆ ಐದು ದಾಟಿತ್ತು. ಚಿಕ್ಕ ವಿಹಾರಕ್ಕೆ ಬೀಗ ಹಾಕಿತ್ತು. ನೋಡಬೇಕಾದ ಎರಡು ಬುದ್ಧರು ಇರುವುದು ಅದರೊಳಗೇ. ಆ್ಯಪ್ ನಿಶ್ಚಿಂತೆಯಿಂದ "ಈಗ ನಿಮ್ಮೆದುರು ಇರುವುದು..." ಅಂತ ಶುರು ಮಾಡಿತು. ನಮ್ಮೆದುರು ಇದ್ದದ್ದು ಬೀಗ. ಅಮ್ಮ ಮೆಟ್ಟಿಲ ಮೇಲೆ ಕೂತು ಮಂಡಿ ಉಜ್ಜಿಕೊಂಡಳು. "ಇದು ಊರಿನ ಮೊದಲ ದೇವಸ್ಥಾನ ಅಂತಾಳೆ. ಮೊದಲನೇದನ್ನ ಕೊನೇಲಿ ಯಾಕಿಟ್ಟಳು?"

ಈ ನಡಿಗೆಯ ದೊಡ್ಡ ತಪ್ಪು ಅದೇ. ರಸ್ತೆಯ ಲೆಕ್ಕದಲ್ಲಿ ದಾರಿ ಸರಿ ಇದೆ. ಪ್ರವಾಸಿಗಳೆಲ್ಲ ತಾ ಪೇ ಗೇಟಿನ ಹತ್ತಿರ ಇಳಿದುಕೊಳ್ಳುತ್ತಾರೆ, ಅಲ್ಲಿಂದ ಶುರು ಮಾಡುವುದು ಅನುಕೂಲ. ಕಥೆಯ ಲೆಕ್ಕದಲ್ಲಿ ಅದು ತಲೆಕೆಳಗು. 19ನೇ ಶತಮಾನದಿಂದ ಶುರು ಮಾಡಿ 1296ಕ್ಕೆ ಮುಗಿಸುತ್ತದೆ. ನಡುವೆ "ರಾಜ ಕಾವಿಲ ಈ ಕಂಬವನ್ನು ಇಲ್ಲಿಗೆ ತಂದ" ಅನ್ನುತ್ತದೆ. ಕಾವಿಲ ಯಾರು, ಎಲ್ಲಿಂದ ತಂದ, ಯಾಕೆ ತಂದ, ಒಂದೂ ಅಷ್ಟೊತ್ತಿಗೆ ನಮಗೆ ಗೊತ್ತಿರುವುದಿಲ್ಲ. ಕಾದಂಬರಿಯ ಕೊನೆಯ ಅಧ್ಯಾಯ ಮೊದಲು ಓದಿದ ಹಾಗೆ.

ಭಾನುವಾರ ಬೆಳಿಗ್ಗೆ ಬೀಗ ತೆಗೆಯುವ ಹೊತ್ತಿಗೆ ಚಿಯಾಂಗ್ ಮನ್‌ಗೆ ವಾಪಸ್ ಹೋದೆವು. ಹೇಗೂ ಬಂದಿದ್ದೇವೆ, ಇಲ್ಲಿಂದಲೇ ಹಿಂದಕ್ಕೆ ನಡೆಯೋಣ ಅಂದಳು ಅಮ್ಮ. ಅದೇ ದೇವಾಲಯಗಳು, ಅದೇ ಆ್ಯಪ್, ಅದೇ ಮೂರೂವರೆ ಕಿಲೋಮೀಟರ್. ಊರು ಮಾತ್ರ ಬೇರೆಯೇ ಆಯಿತು.

ಚಿಯಾಂಗ್ ಮನ್ ಊರಿನ ಈಶಾನ್ಯ ಭಾಗದಲ್ಲಿದೆ. ಊರು ಕಟ್ಟುವಾಗ ಮಂಗ್ರಾಯ್ ಬಿಡಾರ ಹೂಡಿದ್ದ ಜಾಗ ಇದು. ಆಮೇಲೆ ಅದನ್ನೇ ದೇವಾಲಯಕ್ಕೆ ಬಿಟ್ಟುಕೊಟ್ಟ. ಉಬೋಸೋತ್ ಮುಂದೆ ಒಂದು ಶಾಸನದ ಕಲ್ಲು ಇದೆ. 1581ರಲ್ಲಿ ನೆಟ್ಟದ್ದು. ಊರು ಹುಟ್ಟಿದ ದಿನ 1296ರ ಏಪ್ರಿಲ್ 12 ಅಂತ ಗೊತ್ತಾಗುವುದು ಇದರಿಂದ. ಇಲ್ಲಿ ಒಂದು ಎಚ್ಚರಿಕೆ. ಥಾಯ್ ಬೋರ್ಡುಗಳಲ್ಲಿ ಇಸವಿ ಬುದ್ಧಶಕದಲ್ಲಿರುತ್ತದೆ. ಅಮ್ಮ ಒಂದು ಬೋರ್ಡಿನಲ್ಲಿ 1839 ಅಂತ ಓದಿ, "ನಿನ್ನ ಫೋನು ಸುಳ್ಳು ಹೇಳ್ತಿದೆ" ಅಂತ ಜಗಳಕ್ಕೇ ಬಂದಳು. 543 ಕಳೆಯಬೇಕು. 1839ರಲ್ಲಿ 543 ಕಳೆದರೆ 1296. ಇದನ್ನು ಹೇಳಿಕೊಟ್ಟ ಮೇಲೆ ಇಡೀ ದಿನ ಕಂಡ ಬೋರ್ಡಿಗೆಲ್ಲ ಬಾಯಿಲೆಕ್ಕ ಮಾಡಿಕೊಂಡು ಬಂದಳು. ಆ್ಯಪ್‌ನಲ್ಲಿ ಈ ಒಂದು ಸಾಲು ಇದ್ದಿದ್ದರೆ!

ಹಿಂದುಗಡೆ ಚೇದಿ. ಅದರ ಪೀಠವನ್ನು ಹದಿನೈದು ಆನೆಗಳು ಹೊತ್ತಿವೆ. ನಿಜವಾದ ಆನೆ ಗಾತ್ರದವು. ಮುಂಗಾಲು, ತಲೆ, ಸೊಂಡಿಲು ಮಾತ್ರ ಹೊರಗೆ. ಉಳಿದ ಮೈ ಗೋಡೆಯೊಳಗೆ ಸಿಕ್ಕಿಹಾಕಿಕೊಂಡ ಹಾಗಿದೆ. ಹೊಯ್ಸಳರ ಗುಡಿಗಳಲ್ಲಿ ಆನೆಗಳ ಸಾಲು ನೋಡಿ ಬೆಳೆದ ಕಣ್ಣಿಗೆ ಇದು ಬೇರೆ ಥರ. ಅಲ್ಲಿ ಅವು ಪಕ್ಕಕ್ಕೆ ನಡೆಯುತ್ತಿರುತ್ತವೆ, ಇಲ್ಲಿ ನಮ್ಮ ಕಡೆಗೇ ಹೊರಟಿವೆ. ಬೆಳಗಿನ ಬಿಸಿಲು ಪೂರ್ವದ ಆನೆಗಳ ಹಣೆ ಮೇಲೆ ಬಿದ್ದಿತ್ತು. ಒಬ್ಬ ಮುದುಕ ಎಲೆ ಗುಡಿಸುತ್ತಿದ್ದ. ಪೊರಕೆಯ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ಇಯರ್‌ಫೋನ್ ತೆಗೆದು ಜೇಬಿಗೆ ಹಾಕಿದೆ.

ಚಿಕ್ಕ ವಿಹಾರದಲ್ಲಿ ಕಬ್ಬಿಣದ ಕಂಬಿಗಳ ಹಿಂದೆ ಆ ಎರಡು ಮೂರ್ತಿಗಳಿವೆ. ಒಂದು ಸ್ಫಟಿಕದ ಬುದ್ಧ, ಅಂಗೈಯಲ್ಲಿ ಇಟ್ಟುಕೊಳ್ಳಬಹುದಾದಷ್ಟು ಚಿಕ್ಕದು. ಮಂಗ್ರಾಯ್ ಹರಿಪುಂಚೈ, ಅಂದರೆ ಈಗಿನ ಲಾಂಫೂನ್ ಗೆದ್ದಾಗ ಅಲ್ಲಿಂದ ತಂದದ್ದು ಅನ್ನುತ್ತಾರೆ. ಇನ್ನೊಂದು ಪ್ರಾ ಸಿಲಾ, ಅಂದರೆ ಶಿಲೆಯ ಬುದ್ಧ. ಕಂಬಿಯ ಸಂದಿಯಿಂದ ನಾನು ಫೋಟೊಗೆ ಒದ್ದಾಡುತ್ತಿದ್ದರೆ ಅಮ್ಮ ಸುಮ್ಮನೆ ನೋಡುತ್ತಾ ನಿಂತಿದ್ದಳು. ಆಮೇಲೆ ಮೆಲ್ಲಗೆ, "ಕಾಲ ಹತ್ರ ಆನೆ ಇದೆ ನೋಡು. ನಾಲಾಗಿರಿ" ಅಂದಳು. ದೇವದತ್ತ ಬುದ್ಧನ ಮೇಲೆ ಮದ್ದಾನೆ ಬಿಟ್ಟದ್ದು, ಅದು ಹತ್ತಿರ ಬಂದು ಬಾಗಿದ್ದು. ಮೂರನೇ ಕ್ಲಾಸಿನ ಮಕ್ಕಳಿಗೆ ಎಷ್ಟು ಸಲ ಹೇಳಿದ್ದಳೋ! ಆಮೇಲೆ ಇಯರ್‌ಫೋನ್ ಹಾಕಿ ಕೇಳಿದರೆ ಆ್ಯಪ್ ಹೇಳಿದ್ದೂ ನಾಲಾಗಿರಿ ಕಥೆಯನ್ನೇ. ಜೊತೆಗೆ ಈ ಮೂರ್ತಿಗೆ ಮಳೆ ತರಿಸುವ ಶಕ್ತಿ ಇದೆ ಅನ್ನುವ ನಂಬಿಕೆಯನ್ನೂ ಹೇಳಿತು.

ಅಲ್ಲಿಂದ ನೈರುತ್ಯಕ್ಕೆ ಹತ್ತು ನಿಮಿಷ ನಡೆದರೆ ಇಂಥಖಿನ್ ಸದು ಮುಆಂಗ್. ‘ಸದು ಮುಆಂಗ್’ ಅಂದರೆ ಊರಿನ ಹೊಕ್ಕುಳು. ಕಪ್ಪು ಬಣ್ಣ, ಬಂಗಾರದ ಕುಸುರಿಯ ಪುಟ್ಟ ವಿಹಾರ ರಸ್ತೆಯ ನಡುವೆಯೇ ಇದೆ, ಬೈಕುಗಳು ಎರಡೂ ಕಡೆ ಹಾದುಹೋಗುತ್ತವೆ. ಊರಿನ ರಕ್ಷಣೆಯ ಕಂಬ ಮೊದಲು ಇದ್ದದ್ದು ಇಲ್ಲಿ. ಪಕ್ಕದ ಬಯಲಿನಲ್ಲಿ ಮೂರು ರಾಜರ ಪ್ರತಿಮೆ. ನಡುವೆ ಮಂಗ್ರಾಯ್, ಜೊತೆಗೆ ಸುಖೋಥೈನ ರಾಮ್‌ಖಾಮ್‌ಹೇಂಗ್, ಫಯಾವ್‌ನ ನ್ಗಾಮ್ ಮುಆಂಗ್. ಊರಿಗೆ ಜಾಗ ಹುಡುಕುವಾಗ ಗೆಳೆಯರನ್ನು ಕರೆಸಿ ಸಲಹೆ ಕೇಳಿದನಂತೆ. ಹಿಂದಿನ ದಿನ ಇದೇ ಪ್ರತಿಮೆ ಮುಂದೆ ನಾವು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಇವರು ಯಾರೋ ಮೂವರು ಅಂದುಕೊಂಡು ದಾಟಿಹೋಗಿದ್ದೆವು. ಈಗ ಮನೆ ಕಟ್ಟುವ ಮೊದಲು ವಾಸ್ತು ನೋಡಲು ಬಂದ ನೆಂಟರ ಹಾಗೆ ಕಂಡರು.

ಪ್ರಾ ಸಿಂಗ್‌ಗೆ ಅರ್ಧ ಗಂಟೆ ಕೊಡಿ ಅನ್ನುತ್ತದೆ ಆ್ಯಪ್. ನಾವು ಎರಡು ಗಂಟೆ ಇದ್ದೆವು. 1345ರಲ್ಲಿ ರಾಜ ಫಾಯು ತನ್ನ ಅಪ್ಪನ ಅಸ್ಥಿ ಇಡಲು ಇಲ್ಲಿ ಚೇದಿ ಕಟ್ಟಿಸಿದ. ಈಗ ಅದು ಪೂರ್ತಿ ಚಿನ್ನದ ಬಣ್ಣ. ಮಧ್ಯಾಹ್ನ ನೋಡಿದರೆ ಕಣ್ಣು ಕುಕ್ಕುತ್ತದೆ. ವಿದೇಶಿಯರಿಗೆ 50 ಬಾತ್ ಟಿಕೆಟ್. ಜನ ಎಲ್ಲ ಮುಂದಿನ ದೊಡ್ಡ ವಿಹಾರ ನೋಡಿ, ಚಿನ್ನದ ಚೇದಿ ಮುಂದೆ ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ನೀವು ಹಾಗೆ ಮಾಡಬೇಡಿ. ಹಿಂದೆ ಇರುವ ವಿಹಾನ್ ಲಾಯ್ ಖಾಮ್ ಒಳಗೆ ಹೋಗಿ ಕೂತುಕೊಳ್ಳಿ.

ಪ್ರಾ ಸಿಂಗ್ ಬುದ್ಧ ಇರುವುದು ಅಲ್ಲಿ. ಪೀಠದ ಹಿಂದಿನ ಗೋಡೆ ಕೆಂಪು, ಅದರ ಮೇಲೆ ಚಿನ್ನದ ಚಿತ್ತಾರ. ಎಡಬಲದ ಗೋಡೆಗಳ ತುಂಬ 19ನೇ ಶತಮಾನದ ಚಿತ್ರಗಳು. ಇವುಗಳ ಬಗ್ಗೆ ಆ್ಯಪ್ ಹೇಳಿದ್ದು, "ಎರಡು ಜಾನಪದ ಕಥೆಗಳನ್ನು ಇಲ್ಲಿ ಚಿತ್ರಿಸಲಾಗಿದೆ." ಅಷ್ಟೇ! ಒಂದು ಗೋಡೆಯದು ಸಾಂಗ್ ಥಾಂಗ್ ಕಥೆ. ನಾನು ಹೋಟೆಲಿನಲ್ಲಿ ಓದಿಕೊಂಡು ಬಂದಿದ್ದರಿಂದ ಅಮ್ಮನಿಗೆ ಹೇಳಿದೆ. ರಾಣಿಯ ಹೊಟ್ಟೆಯಲ್ಲಿ ಶಂಖ ಹುಟ್ಟುತ್ತದೆ. ಅಪಶಕುನ ಅಂತ ರಾಜ ಅವಳನ್ನು ಓಡಿಸುತ್ತಾನೆ. ಶಂಖದೊಳಗೆ ಇರುವ ಹುಡುಗ ಯಾರೂ ಇಲ್ಲದಾಗ ಹೊರಗೆ ಬಂದು ಮನೆಗೆಲಸ ಮಾಡಿಡುತ್ತಾನೆ. ಮುಂದೆ ಅವನನ್ನು ಒಬ್ಬ ಯಕ್ಷಿಣಿ ಸಾಕುತ್ತಾಳೆ. ಚಿನ್ನದ ಬಾವಿಯಲ್ಲಿ ಮುಳುಗಿ ಅವನ ಮೈ ಚಿನ್ನವಾಗುತ್ತದೆ. ಅದರ ಮೇಲೆ ಕುರೂಪಿಯ ವೇಷ ಹಾಕಿಕೊಂಡು ತಿರುಗುತ್ತಾನೆ. ರಾಜನ ಏಳನೇ ಮಗಳಿಗೆ ಮಾತ್ರ ಒಳಗಿನ ಚಿನ್ನ ಕಾಣುತ್ತದೆ, ಅವನಿಗೇ ಹಾರ ಹಾಕುತ್ತಾಳೆ.

ಇಷ್ಟು ಗೊತ್ತಾದ ಮೇಲೆ ಗೋಡೆ ಓದಲು ಬರುತ್ತದೆ. ಅಮ್ಮ ಕನ್ನಡಕ ಸರಿ ಮಾಡಿಕೊಂಡು ಒಂದು ತುದಿಯಿಂದ ಶುರು ಮಾಡಿದಳು. ಕಥೆಗಿಂತ ಚಿತ್ರದಲ್ಲಿ ಅಕ್ಕಪಕ್ಕ ಇದ್ದ ಜನರೇ ಅವಳಿಗೆ ಹಿಡಿಸಿದರು. ಸೊಂಟದಿಂದ ಮಂಡಿವರೆಗೆ ಹಚ್ಚೆ ಹಾಕಿಸಿಕೊಂಡ ಗಂಡಸರು, ದೂರದಿಂದ ಚಡ್ಡಿ ಹಾಕಿದ ಹಾಗೆ ಕಾಣುತ್ತಾರೆ. ಅಡ್ಡಗೆರೆಯ ಸೀರೆಯಂಥ ಬಟ್ಟೆ ಉಟ್ಟ ಹೆಂಗಸರು. ಇನ್ನೂರು ವರ್ಷದ ಹಿಂದಿನ ಚಿಯಾಂಗ್ ಮಾಯ್ ಬೀದಿ ಅದು. ಕಾವಲಿನ ಹೆಂಗಸು ಅಮ್ಮನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದಳು. ಯಾವ ಆ್ಯಪ್‌ಗೂ ಅದು ಬರುವುದಿಲ್ಲ.

ಹೊರಗೆ ಊಟ. ಸಸ್ಯಾಹಾರಿಗಳಿಗೆ ಒಂದು ಪದ ಸಾಕು: ‘ಜೇ’. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಿ. ‘ಮಾಂಸ ಬೇಡ’ ಅಂದರೆ ಸಾಲದು, ಮೀನಿನ ಸಾಸ್ ಎಲ್ಲದರಲ್ಲೂ ಇರುತ್ತದೆ. ಜೇ ಅಂಗಡಿಯಲ್ಲಿ ಬೆಳ್ಳುಳ್ಳಿ ಈರುಳ್ಳಿಯನ್ನೂ ಹಾಕುವುದಿಲ್ಲ. ತೆಂಗಿನಹಾಲಿನ ಖಾವ್ ಸೋಯ್ ತಿಂದೆವು. ಅಮ್ಮ ಮೇಲಿನ ಕರಿದ ನೂಡಲ್ಸನ್ನು ಮೊದಲು ಹೆಕ್ಕಿ ತಿಂದಳು, ಕೋಡುಬಳೆ ಪುಡಿಯಂತೆ.

ದಾರಿಯಲ್ಲಿ ಆ್ಯಪ್‌ನ ಪಟ್ಟಿಯಲ್ಲಿಲ್ಲದ ಒಂದು ಸಣ್ಣ ದೇವಾಲಯಕ್ಕೆ ನೆರಳಿಗಾಗಿ ನುಗ್ಗಿದೆವು. ಚೌಕದೊಳಗೆ ಮೂವತ್ತಕ್ಕೂ ಹೆಚ್ಚು ದೇವಾಲಯಗಳಿವೆ, ಆ್ಯಪ್ ತೋರಿಸುವುದು ಏಳೆಂಟು. ಇದರ ಹೆಸರು ಬರೆದುಕೊಳ್ಳಲು ಮರೆತೆ. ಅಂಗಳದಲ್ಲಿ ಸಾಲಾಗಿ ಎಂಟು ಚಿಕ್ಕ ಬುದ್ಧರು, ಪ್ರತಿಯೊಬ್ಬನ ಮುಂದೆ ಒಂದು ಕಾಣಿಕೆ ಡಬ್ಬಿ. ವಾರದ ಏಳು ದಿನಕ್ಕೆ ಎಂಟು ಯಾಕೆ ಅಂದರೆ ಬುಧವಾರಕ್ಕೆ ಇಬ್ಬರು, ಹಗಲಿಗೊಬ್ಬ, ರಾತ್ರಿಗೊಬ್ಬ. ಹುಟ್ಟಿದ ವಾರ ಯಾವುದೋ ಆ ಬುದ್ಧನಿಗೆ ಕೈ ಮುಗಿಯುತ್ತಾರೆ. ಮಂಗಳವಾರದವನು ಮಲಗಿದ್ದಾನೆ. ಗುರುವಾರದವನು ಧ್ಯಾನದಲ್ಲಿ. ಅಮ್ಮ ಹುಟ್ಟಿದ್ದು ಶನಿವಾರ. ಶನಿವಾರದ ಬುದ್ಧನ ತಲೆ ಮೇಲೆ ಹಾವಿನ ಹೆಡೆ. ನಾಗಪ್ಪನಿಗೆ ತಪ್ಪದೆ ಹಾಲೆರೆಯುವವಳು ಅವಳು. ಏನೂ ಮಾತಾಡಲಿಲ್ಲ. ಪರ್ಸಿನಲ್ಲಿದ್ದ ಚಿಲ್ಲರೆಯನ್ನೆಲ್ಲ ಒಂದೊಂದಾಗಿ ಡಬ್ಬಿಗೆ ಹಾಕಿದಳು.

ಚೇದಿ ಲುವಾಂಗ್‌ಗೆ ಈ ಸಲ ಮೂರೂವರೆಗೆ ಹೋದೆವು. ಹೋಗಬೇಕಾದ ಹೊತ್ತೇ ಅದು. ಬಿಸಿಲು ಪಶ್ಚಿಮಕ್ಕೆ ವಾಲಿರುತ್ತದೆ, ಇಟ್ಟಿಗೆ ಕೆಂಪಗೆ ಕಾಯುತ್ತದೆ. ಇಲ್ಲೂ 50 ಬಾತ್. 14ನೇ ಶತಮಾನದ ಕೊನೆಯಲ್ಲಿ ಶುರುವಾದ ಈ ಚೇದಿ ರಾಜ ತಿಲೋಕರಾಜನ ಕಾಲಕ್ಕೆ, 15ನೇ ಶತಮಾನದ ನಡುವೆ ಪೂರ್ತಿಯಾಯಿತು. ಆಗ ಸುಮಾರು 80 ಮೀಟರ್ ಎತ್ತರ. 1468ರಲ್ಲಿ ಪಚ್ಚೆ ಬುದ್ಧನನ್ನು ಪೂರ್ವದ ಗೂಡಿನಲ್ಲಿ ಇಟ್ಟರು. ಈಗ ಬ್ಯಾಂಕಾಕಿನಲ್ಲಿ ಇರುವನಲ್ಲ, ಅವನೇ. 1545ರ ಭೂಕಂಪದಲ್ಲಿ ತುದಿ ಕುಸಿಯಿತು. ಅದಾದ ಕೆಲವೇ ವರ್ಷಕ್ಕೆ ಪಚ್ಚೆ ಬುದ್ಧ ಈಗಿನ ಲಾವೋಸಿನ ಲುವಾಂಗ್ ಪ್ರಬಾಂಗ್‌ಗೆ ಹೋದ. 1558ರಲ್ಲಿ ಊರು ಬರ್ಮಾದವರ ಕೈಗೆ ಬಿತ್ತು, ಇನ್ನೂರು ವರ್ಷ ಅವರ ಕೈಯಲ್ಲೇ ಇತ್ತು. ಅವರನ್ನು ಓಡಿಸಿದ ಮೇಲೂ ಯುದ್ಧದಿಂದ ಸೋತ ಊರು ಇಪ್ಪತ್ತು ವರ್ಷ ಖಾಲಿ ಬಿದ್ದಿತ್ತು. 1796ರಲ್ಲಿ ಜನರನ್ನು ಕರೆತಂದು ಮತ್ತೆ ಒಲೆ ಹಚ್ಚಿಸಿದವನೇ ಕಾವಿಲ. ಹೊಕ್ಕುಳಲ್ಲಿದ್ದ ಕಂಬವನ್ನು 1800ರಲ್ಲಿ ಈ ಅಂಗಳಕ್ಕೆ ತಂದದ್ದೂ ಅವನೇ. ಬೆಳಿಗ್ಗೆ ಆ ಖಾಲಿ ಹೊಕ್ಕುಳು ನೋಡಿ ಬಂದವರಿಗೆ ಈ ಸಾಲು ಎದೆಗೆ ತಾಗುತ್ತದೆ. ಹಿಂದಿನ ದಿನ ಇದೇ ಸಾಲು ಕೇಳುತ್ತಾ ನಾನು ನೀರಿನ ಬಾಟಲಿ ಹುಡುಕುತ್ತಿದ್ದೆ.

ಚೇದಿಯ ತುದಿ ಇನ್ನೂ ಮುರಿದೇ ಇದೆ. 1990ರ ದಶಕದ ಶುರುವಿನಲ್ಲಿ ಯುನೆಸ್ಕೊ ಮತ್ತು ಜಪಾನ್ ಸರ್ಕಾರದ ನೆರವಿನಿಂದ ಕೆಳಗಿನ ಭಾಗ ದುರಸ್ತಿ ಮಾಡಿದರು. ಮೇಲಿನ ಭಾಗ ಹೇಗಿತ್ತು ಅಂತ ಯಾರಿಗೂ ಖಚಿತವಾಗಿ ಗೊತ್ತಿಲ್ಲದ್ದರಿಂದ ಅದನ್ನು ಮುಟ್ಟಲಿಲ್ಲ. ಒಳ್ಳೆಯದಾಯಿತು. ದಕ್ಷಿಣದ ಕಡೆ ಹೋಗಿ ಆನೆಗಳನ್ನು ನೋಡಿ. ಬಲತುದಿಯದಕ್ಕೆ ಕಿವಿಯೂ ಇಲ್ಲ, ಸೊಂಡಿಲೂ ಇಲ್ಲ. ಹಳೆಯದು ಅದೊಂದೇ. ಉಳಿದವು ಸಿಮೆಂಟಿನವು, ಕಿವಿ ಸೊಂಡಿಲು ಎಲ್ಲ ಸರಿಯಾಗಿವೆ, ಆದರೆ ಮುಖದಲ್ಲಿ ಕಳೆಯಿಲ್ಲ. ಆ್ಯಪ್ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು, ಅದಕ್ಕೆ ಪೂರ್ತಿ ಅಂಕ.

ಕಂಬದ ಗುಡಿಯ ಬಾಗಿಲಲ್ಲಿ ಮಾತ್ರ ಸಿಟ್ಟು ಬಂತು. ಹೆಂಗಸರಿಗೆ ಪ್ರವೇಶ ಇಲ್ಲ. ಕಾರಣ ಮುಟ್ಟು ಅಂತ ಬೋರ್ಡಿನಲ್ಲೇ ಇದೆ. ಅಮ್ಮ ಪೂರ್ತಿ ಓದಿ, "ಇಷ್ಟು ದೂರ ಬಂದ್ರೂ ಅದೇ ಕಥೆನಾ" ಅಂದಳು. ಊರಿನ ನಿಯಮ ಊರಿನದು, ಅದನ್ನು ಆ್ಯಪ್ ಬದಲಿಸಲು ಆಗುವುದಿಲ್ಲ. ಆದರೆ "ಒಳಗೆ ಹೋಗಿ ಗೋಡೆಯ ಚಿತ್ರಗಳನ್ನು ನೋಡಿ" ಅಂತ ಎಲ್ಲರಿಗೂ ಒಂದೇ ಧ್ವನಿಯಲ್ಲಿ ಹೇಳುವ ಮೊದಲು, ಕೇಳುವವರಲ್ಲಿ ಅರ್ಧ ಜನಕ್ಕೆ ಬಾಗಿಲು ಮುಚ್ಚಿದೆ ಅಂತ ಹೇಳಬಹುದಿತ್ತಲ್ಲ? ಮಾತಾಡುತ್ತಿರುವುದೂ ಹೆಂಗಸೇ.

ಅದೇ ಅಂಗಳದಲ್ಲಿ ಮರದ ಕೆಳಗೆ ಮೇಜು ಹಾಕಿಕೊಂಡು ಎಳೆಯ ಭಿಕ್ಷುಗಳು ಕೂತಿರುತ್ತಾರೆ. ಬಂದವರ ಜೊತೆ ಮಾತಾಡಿ ಇಂಗ್ಲಿಷ್ ಕಲಿಯುತ್ತಾರೆ, ದುಡ್ಡು ಇಲ್ಲ. ನಮ್ಮ ಪಾಲಿಗೆ ಬಂದವನಿಗೆ ಹದಿನೇಳು ಹದಿನೆಂಟು ಇರಬಹುದು. ಅವನ ಇಂಗ್ಲಿಷೂ ಅಮ್ಮನ ಇಂಗ್ಲಿಷೂ ಐದು ನಿಮಿಷಕ್ಕೆ ಮುಗಿಯಿತು. ಆಗ ಅಮ್ಮ, "ಬುದ್ಧಂ ಶರಣಂ ಗಚ್ಛಾಮಿ" ಅಂದಳು. ಹುಡುಗ ಬೆನ್ನು ನೆಟ್ಟಗೆ ಮಾಡಿಕೊಂಡು, "ಫುತ್ಥಂಗ್ ಸರಣಂಗ್ ಖಚ್ಛಾಮಿ" ಅಂದ. ಅಮ್ಮನೊಳಗಿನ ಟೀಚರ್ ಎದ್ದು ಕೂತಳು. "ಶ... ಶರಣಂ." ಅವನು ನಕ್ಕು ತಲೆ ಅಲ್ಲಾಡಿಸಿದ. "ಸರಣಂಗ್." ಪಾಲಿಯಲ್ಲಿ ಶಕಾರ ಇಲ್ಲ, ಹುಡುಗನೇ ಸರಿ. ನಾನು ಅದನ್ನು ಹೇಳಿದ ಮೇಲೆ ಅಮ್ಮ ಅವನಿಗೆ ಕೈ ಮುಗಿದು ತಪ್ಪೊಪ್ಪಿಕೊಂಡಳು. ಆ್ಯಪ್‌ನಲ್ಲಿ ಈ ಮೇಜುಗಳ ಬಗ್ಗೆ ಒಂದು ಸಾಲಿದೆ. ಅದನ್ನು ತಪ್ಪಿಸಿಕೊಳ್ಳಬೇಡಿ.

ಪಕ್ಕದ್ದೇ ಪಾನ್ ತಾವ್. ಇಡೀ ವಿಹಾರ ತೇಗದ ಮರದ್ದು, ಒಳಗೆ 28 ತೇಗದ ಕಂಬ. ಇದು ಮೊದಲು ರಾಜ ಮಹೋತರಪ್ರಥೇತ್‌ನ ಅರಮನೆಯ ಹಜಾರ ಆಗಿತ್ತು. 1870ರ ದಶಕದಲ್ಲಿ ಬಿಚ್ಚಿ ತಂದು ದೇವಾಲಯವಾಗಿ ಜೋಡಿಸಿದರು. ಬಾಗಿಲ ಮೇಲೆ ನವಿಲು, ನವಿಲಿನ ಕೆಳಗೆ ಒಂದು ನಾಯಿ. ಇಲ್ಲಿ ವರ್ಷಗಳಿಗೆ ಪ್ರಾಣಿಗಳ ಹೆಸರು, ರಾಜ ಹುಟ್ಟಿದ್ದು ನಾಯಿ ವರ್ಷದಲ್ಲಂತೆ. ಆ್ಯಪ್ ಪ್ರಕಾರ ನಡೆದರೆ ಇದು ಮೊದಲ ನಿಲ್ದಾಣ. ಹಿಂದಿನ ದಿನ "ಚೆನ್ನಾಗಿದೆ" ಅಂದು ಹತ್ತು ನಿಮಿಷಕ್ಕೆ ಹೊರಬಿದ್ದಿದ್ದೆವು. ಕುಸಿದ ಚೇದಿ, ಖಾಲಿ ಬಿದ್ದ ಊರು ಎಲ್ಲ ದಾಟಿ ಬಂದು ನೋಡಿದರೆ ಈ ಮರದ ಮನೆ ಬೇರೆ. ಗೋಡೆಯ ಹಲಗೆಗಳ ಸಂದಿಯಿಂದ ಸಂಜೆ ಬೆಳಕು ಬರುತ್ತಿತ್ತು. ಕಾಲಡಿ ಹಲಗೆ ತಣ್ಣಗಿತ್ತು. ಅಮ್ಮ ಸಾಕ್ಸ್ ಬಿಚ್ಚಿದಳು.

ಕೊಳ್ಳಬಹುದಾ ಅಂತ ಕೇಳಿದರೆ, ಹೌದು, ಕೊಳ್ಳಿ. ಐದರಲ್ಲಿ ಮೂರೂವರೆ ಕೊಡುತ್ತೇನೆ. ಒಂದು ದಿನದಲ್ಲಿ ಮುಗಿಸುವ ಹಟ ಬೇಡ. ನವೆಂಬರ್‌ನಿಂದ ಫೆಬ್ರುವರಿ ಶುರುವಿನ ತನಕ ಹೋಗಿ, ಆಮೇಲೆ ಸುತ್ತಲಿನ ಹೊಲ ಕಾಡುಗಳ ಹೊಗೆ ಊರಿಗೆ ಇಳಿಯುತ್ತದೆ. ಬೆಳಿಗ್ಗೆ ಚಿಯಾಂಗ್ ಮನ್‌ನಿಂದ ಶುರು ಮಾಡಿ ತಾ ಪೇ ಗೇಟಿನಲ್ಲಿ ಮುಗಿಸಿ. ವಿಹಾರದ ಒಳಗೆ ಹೋಗುವ ಮೊದಲು ಕೇಳಿ, ಒಳಗೆ ಹೋದ ಮೇಲೆ ಆರಿಸಿ. ತಯಾರಿಸಿದವರಿಗೆ ಒಂದೇ ಕೋರಿಕೆ: ಹಿಂದಿನಿಂದ ಮುಂದಕ್ಕೆ ನಡೆಯುವ ಬಟನ್ ಒಂದು ಕೊಡಿ. ಅದು ಇಲ್ಲದ್ದರಿಂದ ಭಾನುವಾರ ಇಡೀ ದಿನ ಪ್ರತಿ ತಿರುವಿನಲ್ಲೂ "ನೀವು ದಾರಿ ತಪ್ಪಿದ್ದೀರಿ, ಹಿಂದಕ್ಕೆ ತಿರುಗಿ" ಅಂತ ಆ ಹೆಂಗಸು ಗೋಗರೆದಳು.

ಭಾನುವಾರ ಸಂಜೆ ರಾಚದಮ್ನೋನ್ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ, ಇಡೀ ರಸ್ತೆ ಸಂತೆ. ದೇವಾಲಯದ ಅಂಗಳಗಳಲ್ಲೇ ತಿಂಡಿ ಅಂಗಡಿ. ನಾವು ಗೇಟಿನ ಕಡೆ ತಳ್ಳಿಸಿಕೊಂಡು ಹೋಗುತ್ತಿದ್ದೆವು. ಅಮ್ಮನ ಕೈಯಲ್ಲಿ ಮಾವಿನಹಣ್ಣಿನ ಸಿಹಿ ಅನ್ನ. ಸರಿಯಾಗಿ ಆರು ಗಂಟೆಗೆ ಸ್ಪೀಕರ್‌ಗಳಲ್ಲಿ ರಾಷ್ಟ್ರಗೀತೆ ಬಂತು. ಸಾವಿರಾರು ಜನ ಇದ್ದಲ್ಲೇ ನಿಂತರು. ಮಾತು, ಚೌಕಾಸಿ, ಬಾಣಲೆಯ ಸೌಟು ಎಲ್ಲ ನಿಂತಿತು. ಅಮ್ಮನೂ ಬಾಯಿಗಿಟ್ಟ ಚಮಚ ಹಾಗೇ ಹಿಡಿದು ನೆಟ್ಟಗೆ ನಿಂತಳು. ತಳ್ಳಾಟದಲ್ಲಿ ಯಾವಾಗಲೋ ಇಯರ್‌ಫೋನ್ ವೈರು ಫೋನಿನಿಂದ ಕಿತ್ತುಬಂದಿತ್ತು. ಆ ಮೌನದಲ್ಲಿ ನನ್ನ ಜೇಬಿನೊಳಗಿಂದ ಗಟ್ಟಿಯಾಗಿ ಧ್ವನಿ ಬಂತು: "ನೀವು ದಾರಿ ತಪ್ಪಿದ್ದೀರಿ."